ಯಾವ ಕಾರ್ಡು ಕೊಳ್ಳಲಿ, ಮೇಷ್ಟ್ರೇ?

ಕಳೆದ ವಾರ, ಬೆಳಗಿನ ಕಾಫಿ ಮುಗಿಸಿ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ, ಪಕ್ಕದ ತಾಲ್ಲೂಕಿನ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರಿಂದ ದೂರವಾಣಿ ಕರೆ ಬಂದಿತು. ಮಳೆ, ಬೆಳೆ, ಮಂಡಿನೋವು ಇತ್ಯಾದಿ ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವರು ವಿಷಯಕ್ಕೆ ಬಂದರು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ನಿಯತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದುಹೋಗಿದೆ. ಅವರ ಶಾಲೆಯ ಹಳೆಯ ಗಣಕಯಂತ್ರಗಳಿಗೆ ವಿಂಡೋಸ್ 11ರ ಅರ್ಹತೆಯಿಲ್ಲ. ಯಂತ್ರಗಳೇನೋ ಗಟ್ಟಿಮುಟ್ಟಾಗಿಯೇ ಇವೆ. ಆದ್ದರಿಂದ ಅವುಗಳಿಗೆ ಲಿನಕ್ಸ್ ಹಾಕಿಸಿ, ಎಲ್ಲವನ್ನೂ ಒಂದು ಜಾಲದಲ್ಲಿ ಸೇರಿಸಬೇಕೆಂದು ನಿಶ್ಚಯಿಸಿದ್ದಾರೆ. ದಾನಿಯೊಬ್ಬರು ಹಣವನ್ನೂ ಕೊಟ್ಟಿದ್ದಾರೆ.

"ಎಲ್ಲಾ ಸರಿ ಮೇಷ್ಟ್ರೇ, ಯಾವ ನೆಟ್‌ವರ್ಕ್ ಕಾರ್ಡು ಕೊಳ್ಳಲಿ? ಅಂಗಡಿಯವನನ್ನು ಕೇಳಿದರೆ ಯಾವುದಾದರೂ ನಡೆಯುತ್ತೆ ಅಂತಾನೆ" ಎಂದರು.

ಯಾವುದಾದರೂ ನಡೆಯುತ್ತೆ! ಈ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಹತ್ತು ವರ್ಷಗಳ ಹಿಂದೆ ಇದೇ ಮಾತನ್ನು ನಂಬಿ ನಾನೊಂದು ತಪ್ಪು ಮಾಡಿದ್ದೆ. "ನಾಲ್ಕು ದಿನ ಪುರಸೊತ್ತು ಕೊಡಿ ಸಾರ್, ಬರೆದೇ ತಿಳಿಸುತ್ತೇನೆ" ಎಂದು ಫೋನು ಇಟ್ಟೆ. ಈ ಬರಹ ಅವರಿಗೆ ಕೊಡಬೇಕಾದ ಉತ್ತರವೂ ಹೌದು, ನನ್ನ ಹಳೆಯ ತಪ್ಪಿನ ಒಪ್ಪಿಗೆಯೂ ಹೌದು.

ಓದುಗ ಮಿತ್ರರಲ್ಲಿ ಹಲವರು ಬಲ್ಲಂತೆ ನಾನು ಗಣಿತದ ಮೇಷ್ಟ್ರು. 2011ರಲ್ಲಿ ನಿವೃತ್ತನಾದೆ. ಗಣಕಯಂತ್ರವನ್ನು ಮುಟ್ಟಲು ಕಲಿತದ್ದು ಆಮೇಲೆ, ಅದೂ ನನ್ನ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿ ಬೈಸಿಕೊಳ್ಳುತ್ತ. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಾಗ, ನಾನು ಪಾಠ ಹೇಳಿದ ಮಲೆನಾಡಿನ ಆ ಶಾಲೆಯ 12 ಗಣಕಗಳು ಮೂಲೆ ಸೇರುವ ಸ್ಥಿತಿಗೆ ಬಂದಿದ್ದವು. ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕೂಡಿಸಿ ನನ್ನ ಕೈಗಿತ್ತರು. ಅವರಲ್ಲೊಬ್ಬ ಬೆಂಗಳೂರಿನಲ್ಲಿ ಇಂಜಿನಿಯರ್. ಅವನು ರಜೆಯಲ್ಲಿ ಬಂದು ಎಲ್ಲ ಯಂತ್ರಗಳಿಗೂ ಲಿನಕ್ಸ್ ಹಾಕಿಕೊಟ್ಟ. ಒಂದು ಯಂತ್ರವನ್ನು ಸರ್ವರ್ ಮಾಡಿದೆವು. ಪಾಠಗಳು, ಮಕ್ಕಳ ಕಡತಗಳು, ಅವರವರ ಪ್ರವೇಶದ ಹೆಸರು, ಗುಟ್ಟಿನ ಪದ ಎಲ್ಲವೂ ಅದರಲ್ಲಿ. ಉಳಿದ 11 ಯಂತ್ರಗಳು ಜಾಲದ ಮೂಲಕ ಅದನ್ನು ತಲುಪಬೇಕು. ಇನ್ನು ಬೇಕಾದದ್ದು ಜಾಲವೊಂದೇ.

ನೆಲದ ಮೇಲೆ ತಂತಿ ಹರಿದಾಡುವುದು ಬೇಡ, ಮಕ್ಕಳು ಎಡವುತ್ತಾರೆ ಎಂಬುದು ಆಗಿನ ಮುಖ್ಯೋಪಾಧ್ಯಾಯರ ಅಭಿಪ್ರಾಯ. ಜಂಬಿಟ್ಟಿಗೆ ಕಲ್ಲಿನ ಹಳೆಯ ಗೋಡೆಗೆ ಮೊಳೆ ಹೊಡೆಯಲೂ ಅವರಿಗೆ ಮನಸ್ಸಿಲ್ಲ. ಆದ್ದರಿಂದ ವೈ-ಫೈ ಡಾಂಗಲ್ ಎಂದು ತೀರ್ಮಾನವಾಯಿತು. ನನ್ನ ಶಿಷ್ಯನ ಬಳಿ ಒಂದು ಡಾಂಗಲ್ ಇತ್ತು. ಅದನ್ನು ಚುಚ್ಚಿ ನೋಡಿದೆವು, ಕೂಡಲೇ ನಡೆಯಿತು. ಅದರ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು 2015ರ ಜೂನ್‌ನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ಅಂಗಡಿಯಲ್ಲಿ ಎರಡು ಬಗೆಯಿದ್ದವು. ಒಂದಕ್ಕೆ 600 ರೂಪಾಯಿ. ನನ್ನ ಚೀಟಿಯಲ್ಲಿದ್ದ ಮಾದರಿಗೆ 350. ಪೆಟ್ಟಿಗೆಯ ಮೇಲೆ ಲಿನಕ್ಸ್‌ನಲ್ಲಿ ನಡೆಯುತ್ತದೆಂಬ ಮುದ್ರೆಯೂ ಇತ್ತು. ಅಂಗಡಿಯವನು ಯಾವುದಾದರೂ ನಡೆಯುತ್ತದೆ ಎಂದ. 11 ಡಾಂಗಲ್‌ಗಳಿಗೆ 3,850 ರೂಪಾಯಿ ಎಣಿಸಿದೆ. ಉಳಿದ 2,750 ರೂಪಾಯಿಯಲ್ಲಿ ಬೆಂಚು ಮಾಡಿಸಿ, ಊರಿನ ಹಣವನ್ನು ಹೇಗೆ ಜೋಪಾನ ಮಾಡಬೇಕೆಂದು ಎಲ್ಲರಿಗೂ ಉಪದೇಶ ಬೇರೆ ಮಾಡಿದೆ.

ತಂದ ಡಾಂಗಲ್‌ಗಳನ್ನು ಚುಚ್ಚಿದರೆ ಒಂದೂ ಉಸಿರೆತ್ತಲಿಲ್ಲ. ಹೆಸರು ಅದೇ, ಪೆಟ್ಟಿಗೆ ಅದೇ, ಬಣ್ಣವೂ ಅದೇ. ಶಿಷ್ಯನಿಗೆ ಫೋನು ಮಾಡಿದೆ. ಅವನು ಪೆಟ್ಟಿಗೆಯಲ್ಲಿದ್ದ ಸಿ.ಡಿ.ಯಿಂದ ತಯಾರಕರ ಚಾಲಕವನ್ನು ಹೊರತೆಗೆಸಿ, ಅದು ಎಷ್ಟೋ ಹಳೆಯ ಕರ್ನಲ್‌ಗೆ ಬರೆದದ್ದಾದ್ದರಿಂದ ಅಲ್ಲಲ್ಲಿ ತಿದ್ದಿಸಿ, ಎರಡು ರಾತ್ರಿ ಫೋನಿನಲ್ಲೇ ಕೂತು ಹೇಗೋ ನಡೆಸಿಕೊಟ್ಟ. ಜುಲೈ, ಆಗಸ್ಟ್, ಸೆಪ್ಟೆಂಬರ್ ಸುಖವಾಗಿ ಕಳೆದವು. ದಸರಾ ರಜೆಯಲ್ಲಿ ನಾನು ಕುಳಿತು, ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದೆಂದು, ಎಲ್ಲ ಯಂತ್ರಗಳನ್ನೂ ಶ್ರದ್ಧೆಯಿಂದ ಅಪ್‌ಡೇಟ್ ಮಾಡಿದೆ. ಕರ್ನಲ್ ಬದಲಾಯಿತು. 11 ಡಾಂಗಲ್‌ಗಳೂ ಒಟ್ಟಿಗೆ ಮೂಕವಾದವು. ಜಾಲವಿಲ್ಲದೆ ಪ್ರವೇಶವಿಲ್ಲ, ಪ್ರವೇಶವಿಲ್ಲದೆ ಪಾಠವಿಲ್ಲ. ಎಲ್ಲವನ್ನೂ ಒಂದೇ ಸರ್ವರಿಗೆ ಕಟ್ಟಿಹಾಕಿದ್ದು ನನ್ನದೇ ಬುದ್ಧಿವಂತಿಕೆ. ಶಿಷ್ಯನಿಗೆ ಆ ದಿನಗಳಲ್ಲಿ ಕಚೇರಿಯ ಕೆಲಸದಿಂದ ತಲೆಯೆತ್ತಲೂ ಬಿಡುವಿರಲಿಲ್ಲ. ಗಣಕ ಕೊಠಡಿಗೆ ಬೀಗ ಬಿತ್ತು.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಆರು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುತ್ತಿದ್ದಳು. ಜುಲೈನಲ್ಲಿ ಮೌಸ್ ಹಿಡಿಯಲು ಹೆದರುತ್ತಿದ್ದವಳು ಸೆಪ್ಟೆಂಬರ್ ಹೊತ್ತಿಗೆ ತನ್ನ ಊರಿನ ನಕ್ಷೆಯನ್ನು ಗಣಕದಲ್ಲಿ ಅರ್ಧ ಬಿಡಿಸಿದ್ದಳು. ರಜೆಯ ನಂತರ ಪ್ರತಿ ಶನಿವಾರ ಬೀಗ ಹಾಕಿದ ಬಾಗಿಲ ಬಳಿ ನಿಂತು, "ಸಾರ್, ಈ ವಾರ ಸರಿಯಾಗುತ್ತಾ?" ಎಂದು ಕೇಳುತ್ತಿದ್ದಳು. ನಾನು ಪ್ರತಿ ಶನಿವಾರವೂ "ಮುಂದಿನ ವಾರ ಆಗುತ್ತೆ ಮಗೂ" ಎನ್ನುತ್ತಿದ್ದೆ. ಜನವರಿಯಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದಳು. ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೊರಟುಹೋದಳು. ಆ ಅರ್ಧ ನಕ್ಷೆ ಸರ್ವರಿನಲ್ಲಿ ಹಾಗೆಯೇ ಉಳಿಯಿತು. ನಾನು ಉಳಿಸಿದ 2,750 ರೂಪಾಯಿಯ ನಿಜವಾದ ಲೆಕ್ಕ ಇದು. ಗಣಿತದ ಮೇಷ್ಟ್ರಾದವನು ಈ ಲೆಕ್ಕವನ್ನು ತಪ್ಪು ಮಾಡಬಾರದಿತ್ತು.

ಆ ಬೇಸಗೆಯಲ್ಲಿ ಶಿಷ್ಯ ಊರಿಗೆ ಬಂದಾಗ ಕಾರಣವನ್ನು ಬಿಡಿಸಿ ಹೇಳಿದ. "ಸಾರ್, ನೀವು ತರಗತಿಯಲ್ಲಿ ಮೂವರು ಮಂಜುನಾಥರಿದ್ದಾಗ ಏನು ಮಾಡುತ್ತಿದ್ದಿರಿ?" ಎಂದು ಕೇಳಿದ. ದಾಖಲಾತಿ ಸಂಖ್ಯೆ ನೋಡುತ್ತಿದ್ದೆ ಎಂದೆ. "ಇಲ್ಲೂ ಅಷ್ಟೇ. ಪೆಟ್ಟಿಗೆಯ ಮೇಲಿನ ಹೆಸರು ಮಾರಾಟಗಾರ ಇಟ್ಟದ್ದು. ಒಳಗಿನ ಚಿಪ್ ಯಾವುದೆಂದು ಹೇಳುವುದು ಅದರ ಸಂಖ್ಯೆ. ಅವರು ಹೆಸರು ಅದೇ ಇಟ್ಟುಕೊಂಡು ಚಿಪ್ ಬದಲಾಯಿಸಿದ್ದಾರೆ, ನೋಡಿ" ಎಂದು ಪೆಟ್ಟಿಗೆಯ ತಳದಲ್ಲಿ ಇರುವೆಗಾತ್ರದ ಅಕ್ಷರದಲ್ಲಿದ್ದ ಎರಡನೆಯ ಆವೃತ್ತಿ ಎಂಬ ಗುರುತನ್ನು ತೋರಿಸಿದ. ಅವನದು ಒಂದನೆಯ ಆವೃತ್ತಿ, ನಾನು ತಂದದ್ದು ಎರಡನೆಯದು. ಲಿನಕ್ಸ್‌ಗೆ ಅವೆರಡು ಬೇರೆ ಬೇರೆ ಪ್ರಾಣಿಗಳು.

ಪ್ರತಿಯೊಂದು ಪಿಸಿಐ ಕಾರ್ಡಿಗೂ ಯುಎಸ್‌ಬಿ ಸಾಧನಕ್ಕೂ ಇಂಥ ಎರಡು ಸಂಖ್ಯೆಗಳಿವೆ. ಒಂದು ತಯಾರಕರದು, ಇನ್ನೊಂದು ಸಾಧನದ್ದು. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎಂಬ ಎರಡು ಆದೇಶಗಳಿಂದ ಅವುಗಳನ್ನು ನೋಡಬಹುದು. ಇಂಟೆಲ್ ಸಂಸ್ಥೆಯ ಪಿಸಿಐ ಸಂಖ್ಯೆ 8086. ಆ ಸಂಸ್ಥೆಯ ಪ್ರಸಿದ್ಧ ಹಳೆಯ ಪ್ರೊಸೆಸರ್ ಒಂದರ ಹೆಸರೂ ಅದೇ. ಈ ಸಂಖ್ಯೆಗಳನ್ನು ನೋಡಿಯೇ ಕರ್ನಲ್ ಯಾವ ಚಾಲಕವನ್ನು ಕರೆಯಬೇಕೆಂದು ತೀರ್ಮಾನಿಸುತ್ತದೆ. ಪೆಟ್ಟಿಗೆಯ ಚಿತ್ತಾರ ಅದಕ್ಕೆ ಕಾಣುವುದಿಲ್ಲ.

ಇನ್ನು ಚಾಲಕವೆಂದರೇನು ಎಂಬ ಪ್ರಶ್ನೆ. ಡ್ರೈವರ್ ಅಥವಾ ಚಾಲಕ ತಂತ್ರಾಂಶವೆಂಬುದು ಒಬ್ಬ ದುಭಾಷಿ. ಗಣಕದ ಕಾರ್ಯಾಚರಣಾ ವ್ಯವಸ್ಥೆಗೆ ಚಿಪ್‌ನ ಭಾಷೆ ಬಾರದು, ಚಿಪ್‌ಗೆ ಇದರ ಭಾಷೆ ಬಾರದು. ದುಭಾಷಿ ಎರಡನ್ನೂ ಬಲ್ಲವನಾಗಿರಬೇಕು. ಚಿಪ್‌ನ ಭಾಷೆಗೆ ನಿಘಂಟು, ವ್ಯಾಕರಣ ಎರಡೂ ತಯಾರಕರ ಬಳಿಯಿರುತ್ತವೆ. ಅದನ್ನು ಅವರು ಹಂಚುತ್ತಾರೋ ಬಚ್ಚಿಡುತ್ತಾರೋ ಎಂಬುದರ ಮೇಲೆ ನಮ್ಮ ಶಾಲೆಯ ಜಾಲದ ಹಣೆಬರಹ ನಿಂತಿದೆ.

ನಾನು ಕಂಡುಕೊಂಡಂತೆ ಇದರಲ್ಲಿ ನಾಲ್ಕು ಬಗೆ. ಮೊದಲನೆಯದು, ತಯಾರಕರೇ ಚಾಲಕವನ್ನು ಬರೆದು ಲಿನಕ್ಸ್ ಕರ್ನಲ್‌ನ ಮೂಲದಲ್ಲಿ ಸೇರಿಸಿ, ಮುಂದೆಯೂ ನೋಡಿಕೊಳ್ಳುವುದು. ತಂತಿಯ ಜಾಲಕ್ಕೆ ಬಳಸುವ ಇಂಟೆಲ್‌ನ ಇ1000 ಸಾಲಿನ ಕಾರ್ಡುಗಳು ಈ ಬಗೆಯವು. ಎರಡನೆಯದು, ತಯಾರಕರು ವಿವರಗಳನ್ನು ಕೊಡುವುದು, ಸಮುದಾಯದವರು ಚಾಲಕ ಬರೆಯುವುದು. ಮೂರನೆಯದು, ತಯಾರಕರು ಏನನ್ನೂ ಕೊಡದಿರುವುದು, ಛಲ ಬಿಡದವರು ಚಿಪ್‌ನ ನಡವಳಿಕೆಯನ್ನು ಹೊರಗಿನಿಂದಲೇ ಗಮನಿಸಿ ಅದರ ಒಳಗುಟ್ಟನ್ನು ಕಂಡುಹಿಡಿಯುವುದು. ಎನ್‌ವಿಡಿಯಾದ ಎನ್‌ಫೋರ್ಸ್ ಫಲಕಗಳಲ್ಲಿದ್ದ ಜಾಲದ ಚಿಪ್‌ಗೆ 2003ರಲ್ಲಿ ಫೋರ್ಸ್‌ಡೆತ್ ಎಂಬ ಚಾಲಕ ಹುಟ್ಟಿದ್ದು ಹೀಗೆ. ಬ್ರಾಡ್‌ಕಾಮ್‌ನ ವೈ-ಫೈ ಚಿಪ್‌ಗಳಿಗೂ ಹೀಗೆಯೇ ವರ್ಷಗಟ್ಟಲೆ ಬೆವರು ಹರಿಯಿತು. ಆ ಸಂಸ್ಥೆ ತಾನಾಗಿ ಮುಕ್ತ ಚಾಲಕವೊಂದನ್ನು ಹೊರತಂದದ್ದು 2010ರ ಸೆಪ್ಟೆಂಬರ್‌ನಲ್ಲಿ.

ನಾಲ್ಕನೆಯ ಬಗೆ ಅತ್ಯಂತ ಮೋಸದ್ದು. ತಯಾರಕರು ಚಾಲಕವನ್ನು ಕೊಡುತ್ತಾರೆ, ಆದರೆ ಅದು ಕರ್ನಲ್‌ನ ಹೊರಗಿರುತ್ತದೆ. ಪೆಟ್ಟಿಗೆಯ ಮೇಲೆ ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂದು ಅಚ್ಚು ಹಾಕಲು ಅಷ್ಟು ಸಾಕು, ಸುಳ್ಳೆಂದು ಯಾರೂ ಹೇಳುವಂತಿಲ್ಲ. ಆದರೆ ಕರ್ನಲ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ, ಅದರ ಒಳಗಿನ ಏರ್ಪಾಡುಗಳು ಬದಲಾಗುತ್ತಲೇ ಇರುತ್ತವೆ. ಚಾಲಕ ಒಳಗಿದ್ದರೆ, ಏರ್ಪಾಡನ್ನು ಬದಲಿಸಿದವರೇ ಅದನ್ನೂ ತಿದ್ದಬೇಕೆಂಬುದು ಅಲ್ಲಿಯ ಪದ್ಧತಿ. ಹೊರಗಿದ್ದರೆ ಅದು ಹೇಳುವವರು ಕೇಳುವವರು ಇಲ್ಲದ ಅನಾಥ. ನನ್ನ 11 ಡಾಂಗಲ್‌ಗಳು ಈ ನಾಲ್ಕನೆಯ ಜಾತಿಗೆ ಸೇರಿದ್ದವು.

ಇಷ್ಟು ತಿಳಿದ ಮೇಲೆ ನನಗೆ ಇದರ ಹಿಂದಿನ ಕಥೆಯನ್ನು ಓದುವ ಹುಚ್ಚು ಹಿಡಿಯಿತು. ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದಕ್ಕೂ ಇಂಥದೇ ಒಂದು ಕಿರಿಕಿರಿ ಪ್ರೇರಣೆಯಾಗಿತ್ತು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಬಂದ ಜೆರಾಕ್ಸ್ ಕಂಪನಿಯ ಮುದ್ರಣಯಂತ್ರವೊಂದರ ತಂತ್ರಾಂಶದ ಮೂಲ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ದೊರೆಯಲಿಲ್ಲ. ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸುದ್ದಿ ಹೋಗುವಂತೆ ಹಿಂದಿನ ಯಂತ್ರದಲ್ಲಿ ಅವರು ಮಾಡಿಕೊಂಡಿದ್ದ ಅನುಕೂಲವನ್ನು ಇದರಲ್ಲಿ ಮಾಡಲಾಗಲಿಲ್ಲ. ಆ ಅನುಭವವನ್ನು ಅವರು ಮುಂದೆ ಅನೇಕ ಬಾರಿ ಸ್ಮರಿಸಿದ್ದಾರೆ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲನ್ನು ಹೊರತಂದರು.

1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬಿಬ್ಬರು ಪೇಟೆಯಲ್ಲಿ ಸಿಗುವ 16 ಸಾಮಾನ್ಯ ಗಣಕಗಳನ್ನು ಈಥರ್ನೆಟ್ ತಂತಿಯಿಂದ ಜೋಡಿಸಿ, ಬಿಯೋವುಲ್ಫ್ ಎಂಬ ಹೆಸರಿನಲ್ಲಿ ಒಂದು ದೊಡ್ಡ ಗಣಕದ ಕೆಲಸವನ್ನು ಮಾಡಿಸಿದರು. ಅಲ್ಲಿ ಲಿನಕ್ಸ್ ನಡೆದದ್ದಕ್ಕೆ ಒಂದು ಕಾರಣ, ಜಾಲದ ಕಾರ್ಡುಗಳಿಗೆ ಬೆಕರ್ ತಾವೇ ಚಾಲಕ ಬರೆಯಬಲ್ಲವರಾಗಿದ್ದರು. 1990ರ ದಶಕದಲ್ಲಿ ಲಿನಕ್ಸ್‌ನಲ್ಲಿ ನಡೆದ ಈಥರ್ನೆಟ್ ಕಾರ್ಡುಗಳ ದೊಡ್ಡ ಪಾಲು ಅವರ ಚಾಲಕಗಳಿಗೆ ಋಣಿ. ನಿಘಂಟು ಕೈಗೆ ಸಿಕ್ಕಿದರೆ ಒಬ್ಬ ಮನುಷ್ಯ ಎಷ್ಟು ಜನರಿಗೆ ದಾರಿ ಮಾಡಿಕೊಡಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. 2007ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಎಂಬ ಕರ್ನಲ್ ತಜ್ಞರು, ವಿವರ ಕೊಡಲು ಮುಂದೆ ಬರುವ ಯಾವ ಕಂಪನಿಗೂ ಚಾಲಕವನ್ನು ಬಿಟ್ಟಿಯಾಗಿ ಬರೆದುಕೊಡುತ್ತೇವೆಂದು ಸಾರ್ವಜನಿಕವಾಗಿ ಘೋಷಿಸಿದರು. ಮನೆ ಬಾಗಿಲಿಗೆ ಬಂದ ಇಂಥ ಉಪಕಾರವನ್ನೂ ಬೇಡವೆನ್ನುವ ಕಂಪನಿಯ ಸರಕನ್ನು ನಾವೇಕೆ ಕೊಳ್ಳಬೇಕು?

ಮುಕ್ತವಾದದ್ದು ತಾನಾಗಿ ಶ್ರೇಷ್ಠವಾಗಿರುತ್ತದೆ ಎಂಬ ಭ್ರಮೆ ನನಗಿಲ್ಲ. ರಿಯಲ್‌ಟೆಕ್ ಸಂಸ್ಥೆಯ 8139 ಎಂಬ ಚಿಪ್ ಒಂದು ಕಾಲಕ್ಕೆ ಪೇಟೆಯಲ್ಲಿ ಅತ್ಯಂತ ಅಗ್ಗದ್ದು. ಅದು ಪ್ರತಿಯೊಂದು ಮಾಹಿತಿಯ ಪೊಟ್ಟಣವನ್ನೂ ಗಣಕದ ಪ್ರೊಸೆಸರಿನಿಂದ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡಿಸುತ್ತಿತ್ತು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಗೆ ಅದರ ಚಾಲಕವನ್ನು ಬರೆದ ಬಿಲ್ ಪಾಲ್ ಎಂಬವರು ತಮ್ಮ ಕಡತದ ಟಿಪ್ಪಣಿಯಲ್ಲೇ ಅದರ ದರ್ಜೆಯನ್ನು ಗೇಲಿ ಮಾಡಿದ್ದಾರೆ. ಆದರೆ ಗೇಲಿ ಮಾಡಿದವರೂ ಚಾಲಕವನ್ನು ಬರೆದರು. ಏಕೆಂದರೆ ಆ ಚಿಪ್‌ನ ವಿವರ ಲಭ್ಯವಿತ್ತು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಆ ಸಾಧಾರಣ ಕಾರ್ಡು ಕಂಡಕಂಡ ವ್ಯವಸ್ಥೆಗಳಲ್ಲೆಲ್ಲ ಹಾಕಿದೊಡನೆ ನಡೆಯಿತು. ಶಾಲೆಯ ಕೊಠಡಿಗೆ ಮೊದಲು ಬೇಕಾದದ್ದು ನಂಬಿಕೆ, ವೇಗ ಆಮೇಲಿನ ಮಾತು. ಮಂದಗತಿಯವನಾದರೂ ದಿನವೂ ತಪ್ಪದೆ ಬರುವ ವಿದ್ಯಾರ್ಥಿಯಿದ್ದಂತೆ ಆ ಕಾರ್ಡು.

ಒಳ್ಳೆಯ ಮನೆತನದ ಕಾರ್ಡಿಗೂ ಕಂಟಕ ಬರಬಹುದು. 2008ರ ಸೆಪ್ಟೆಂಬರಿನಲ್ಲಿ ಲಿನಕ್ಸ್‌ನ 2.6.27 ಆವೃತ್ತಿಯ ಪರೀಕ್ಷಾ ಪ್ರತಿಗಳನ್ನು ಹಾಕಿದವರಲ್ಲಿ ಕೆಲವರ ಇಂಟೆಲ್ ಕಾರ್ಡುಗಳ ಒಳಗಿನ ಸ್ಮೃತಿಯೇ ಅಳಿಸಿಹೋಗಿ ಕಾರ್ಡುಗಳು ಕೆಟ್ಟವು. ದೊಡ್ಡ ಗಾಬರಿಯಾಯಿತು. ಆದರೆ ಚಾಲಕವೂ ಕರ್ನಲ್ಲೂ ಎಲ್ಲರ ಕಣ್ಣಮುಂದೆ ಇದ್ದವು. ಇಂಟೆಲ್‌ನವರೂ ಹೊರಗಿನವರೂ ಸೇರಿ ಹುಡುಕಿ, ಕೆಲವೇ ವಾರಗಳಲ್ಲಿ ಕರ್ನಲ್‌ನೊಳಗಿನ ಎಫ್‌ಟ್ರೇಸ್ ಎಂಬ ಭಾಗವೇ ಕಾರಣವೆಂದು ಪತ್ತೆಹಚ್ಚಿದರು. ತಪ್ಪೇ ಆಗದ ಉತ್ತರಪತ್ರಿಕೆ ಯಾವ ಲೋಕದಲ್ಲೂ ಇಲ್ಲ. ಹಂತಗಳನ್ನು ಬರೆದಿದ್ದರೆ ತಪ್ಪು ಎಲ್ಲಿ ಆಯಿತೆಂದು ಹೇಳಬಹುದು. ಉತ್ತರವನ್ನಷ್ಟೇ ಬರೆದವನಿಗೆ ಮೇಷ್ಟ್ರು ಏನು ಹೇಳಿಕೊಟ್ಟಾನು?

ಇಲ್ಲಿ ನನ್ನ ಶಿಷ್ಯನಿಗೂ ನನಗೂ ಒಂದು ಭಿನ್ನಾಭಿಪ್ರಾಯವುಂಟು. ನಾನು ಹೊಸದಾಗಿ ಮತಾಂತರಗೊಂಡವನ ಉತ್ಸಾಹದಲ್ಲಿ, ಸಂಪೂರ್ಣ ಮುಕ್ತವಲ್ಲದ ಯಾವ ಕಾರ್ಡೂ ಶಾಲೆಯೊಳಗೆ ಬರಕೂಡದೆಂದು ವಾದಿಸಿದ್ದೆ. ಅವನು ನಕ್ಕ. "ಸಾರ್, ವೈ-ಫೈ ಚಿಪ್‌ಗಳಲ್ಲಿ ಹೆಚ್ಚಿನವಕ್ಕೆ ಫರ್ಮ್‌ವೇರ್ ಬೇಕು. ಅದು ಚಿಪ್‌ನ ಒಳಗೇ ಓಡುವ ತಂತ್ರಾಂಶ. ಚಾಲಕ ಮುಕ್ತವಾಗಿದ್ದರೂ ಅದು ಮುಚ್ಚಿದ್ದೇ. ನೀವು ಇಷ್ಟು ಮಡಿ ಮಾಡಿದರೆ ಮಕ್ಕಳಿಗೆ ಜಾಲವೇ ಸಿಗುವುದಿಲ್ಲ" ಎಂದ.

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯವೇ ಈ ಧರ್ಮಸಂಕಟವನ್ನು ಅನುಭವಿಸಿದೆ. 2011ರಲ್ಲಿ ಅವರು ಮುಕ್ತವಲ್ಲದ ಫರ್ಮ್‌ವೇರನ್ನು ತಮ್ಮ ಕರ್ನಲ್‌ನಿಂದ ಹೊರಗಿಟ್ಟರು. ಆದರೆ ಜಾಲದ ಕಾರ್ಡೇ ನಡೆಯದಿದ್ದರೆ ವ್ಯವಸ್ಥೆಯನ್ನು ಅಳವಡಿಸುವುದೇ ಕಷ್ಟವೆಂಬುದನ್ನು ಕಂಡು, 2022ರಲ್ಲಿ ಮತ ಹಾಕಿ, 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಅದನ್ನು ಅಳವಡಿಕೆಯ ಮಾಧ್ಯಮದಲ್ಲಿ ಸೇರಿಸಲು ಒಪ್ಪಿದರು. ಇನ್ನೊಂದೆಡೆ ಹಿಡಿದ ಪಟ್ಟು ಬಿಡದವರೂ ಇದ್ದಾರೆ. ವಿವರಗಳನ್ನು ಗುಟ್ಟಿನ ಒಪ್ಪಂದವಿಲ್ಲದೆ ಕೊಡಿರೆಂದು ತಯಾರಕರನ್ನು ಬೆಂಬಿಡದೆ ಕೇಳಿದ ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್ ಅವರಿಗೆ 2004ರ ಸಾಲಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಪ್ರಶಸ್ತಿ ಸಂದಿತು. ಕೇಳುವವರಿದ್ದರೆ ಕೊಡುವವರೂ ಹುಟ್ಟುತ್ತಾರೆ. ಆಥರೋಸ್ ಸಂಸ್ಥೆ 2008ರಲ್ಲಿ ತನ್ನ ವೈ-ಫೈ ಚಿಪ್‌ಗಳಿಗೆ ಎಟಿಎಚ್9ಕೆ ಎಂಬ ಮುಕ್ತ ಚಾಲಕವನ್ನು ತಾನೇ ಹೊರತಂದಿತು. ಅದರ ಎಆರ್9271 ಎಂಬ ಯುಎಸ್‌ಬಿ ಚಿಪ್‌ನ ಫರ್ಮ್‌ವೇರ್ ಕೂಡ 2013ರಲ್ಲಿ ಮುಕ್ತವಾಯಿತು.

ಆದ್ದರಿಂದ ನನ್ನ ನಿಲುವನ್ನು ಸ್ವಲ್ಪ ಸಡಿಲಿಸಿ ಹೀಗೆ ನಿಲ್ಲಿಸಿದ್ದೇನೆ. ಫರ್ಮ್‌ವೇರ್ ಮುಚ್ಚಿದ್ದಾದರೂ, ಲಿನಕ್ಸ್ ವಿತರಣೆಯ ಜೊತೆಗೇ ಬರುವಂತಿದ್ದರೆ, ಗತ್ಯಂತರವಿಲ್ಲದಾಗ ಒಪ್ಪಬಹುದು. ಆದರೆ ಚಾಲಕ ಮಾತ್ರ ಕರ್ನಲ್‌ನ ಒಳಗೇ ಇರಬೇಕು. ಇದರಲ್ಲಿ ರಾಜಿಯಿಲ್ಲ. ಮೊದಲನೆಯದರಲ್ಲಿ ರಾಜಿ ಮಾಡಿಕೊಂಡರೆ ನೋಯುವುದು ತತ್ತ್ವ. ಎರಡನೆಯದರಲ್ಲಿ ಮಾಡಿಕೊಂಡರೆ ಬೀಗ ಬೀಳುವುದು ಮಕ್ಕಳ ಕೊಠಡಿಗೆ.

ನಮ್ಮ ಶಾಲೆಯ ಕಥೆ ಕೊನೆಗೆ ಏನಾಯಿತೆಂದು ಹೇಳಿಬಿಡುತ್ತೇನೆ. 2016ರ ಬೇಸಗೆಯಲ್ಲಿ ಶಿಷ್ಯ ಯಂತ್ರಗಳ ಹಿಂಬದಿಗೆ ಟಾರ್ಚು ಹಿಡಿದ. ಧೂಳು ತುಂಬಿದ ಈಥರ್ನೆಟ್ ಕಿಂಡಿ ಪ್ರತಿಯೊಂದು ಯಂತ್ರದಲ್ಲೂ ಇತ್ತು! ನಾವು ಬೆಂಗಳೂರಿಗೆ ಹೋಗುವ ಮೊದಲು ಹಿಂದೆ ತಿರುಗಿ ನೋಡಿರಲೇ ಇಲ್ಲ. ಮಲೆನಾಡಿನ ಸಿಡಿಲಿಗೆ 11ರಲ್ಲಿ 5 ಕಿಂಡಿಗಳು ಸತ್ತಿದ್ದವು, 6 ಜೀವಂತವಾಗಿದ್ದವು. ಸತ್ತ ಐದಕ್ಕೆ ತಲಾ 100 ರೂಪಾಯಿಯ ಹಳೆಯ 8139 ಕಾರ್ಡುಗಳನ್ನು ತಂದೆವು. 16 ಕಿಂಡಿಯ ಸ್ವಿಚ್ಚು, ಕ್ಯಾಟ್-5ಇ ತಂತಿ, ತುದಿಯ ಪ್ಲಗ್ಗುಗಳು ಎಲ್ಲ ಸೇರಿ 3,400 ರೂಪಾಯಿ. ಗೋಡೆಗೆ ಮೊಳೆ ಹೊಡೆಯದೆ, ಗೋಡೆಯ ಬುಡದಲ್ಲಿ ಮರದ ಪಟ್ಟಿಯಿಟ್ಟು ಅದರೊಳಗೆ ತಂತಿ ಎಳೆದೆವು. ಯಾವ ಮಗುವೂ ಎಡವಲಿಲ್ಲ. ಆಮೇಲೆ ಎಷ್ಟೋ ಸಲ ಕರ್ನಲ್ ಬದಲಾಯಿತು, ಜಾಲ ಒಮ್ಮೆಯೂ ಮೂಕವಾಗಲಿಲ್ಲ. ಸಿಡಿಲಿನ ದಿನಗಳಲ್ಲಿ ತಂತಿಯನ್ನು ಕಿತ್ತಿಡುವುದೊಂದನ್ನು ಮಾತ್ರ ಕಲಿತೆವು.

ಹೀಗಾಗಿ, ಮಾನ್ಯ ಮುಖ್ಯೋಪಾಧ್ಯಾಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕೊಳ್ಳುವ ಮುನ್ನ ನಿಮ್ಮ ಯಂತ್ರಗಳ ಹಿಂದೆ ಈಥರ್ನೆಟ್ ಕಿಂಡಿ ಇದೆಯೇ ನೋಡಿ. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಪ್ರತಿಯೊಂದನ್ನೂ ಚಾಲೂ ಮಾಡಿ, ಕಿಂಡಿಗೆ ಜೀವವಿದೆಯೇ ಪರೀಕ್ಷಿಸಿ. ಬಹುಮಟ್ಟಿಗೆ ನಿಮಗೆ ಕಾರ್ಡೇ ಬೇಕಾಗಲಿಕ್ಕಿಲ್ಲ. ಒಂದೇ ಕೊಠಡಿಯ ಜಾಲಕ್ಕೆ ತಂತಿಯೇ ಮೇಲು. ಸ್ವಿಚ್ಚಿನಿಂದ ಯಂತ್ರದವರೆಗೆ 100 ಮೀಟರ್‌ತನಕ ತಂತಿ ಎಳೆಯಬಹುದು, ನಿಮ್ಮ ಕೊಠಡಿಗೆ ಅದು ಧಾರಾಳ. ಹೊಸ ಕಾರ್ಡು ಬೇಕಾದರೆ ಇಂಟೆಲ್‌ನ ಇ1000ಇ ಅಥವಾ ಐಜಿಬಿ ಚಾಲಕದಲ್ಲಿ ನಡೆಯುವಂಥದು, ಕೈ ಬಿಗಿಯಿದ್ದರೆ ರಿಯಲ್‌ಟೆಕ್‌ನ ಆರ್8169 ಚಾಲಕದಲ್ಲಿ ನಡೆಯುವಂಥದು ತೆಗೆದುಕೊಳ್ಳಿ. ಕಿಂಡಿಯಿಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಈಥರ್ನೆಟ್ ಸಾಧನವಾದರೆ, ರಿಯಲ್‌ಟೆಕ್ 8153 ಚಿಪ್‌ನದು ಸಾಕು. ಇವೆಲ್ಲವುಗಳ ಚಾಲಕಗಳು ಕರ್ನಲ್‌ನಲ್ಲೇ ಇವೆ. ಡಿಸ್ಕ್ ಇಲ್ಲದ ಯಂತ್ರಗಳನ್ನು ಸರ್ವರಿನಿಂದಲೇ ಚಾಲೂ ಮಾಡುವ ಯೋಚನೆಯಿದ್ದರೆ, ಕಾರ್ಡಿಗೆ ಪಿಎಕ್ಸ್‌ಇ ಎಂಬ ಸೌಲಭ್ಯವಿದೆಯೇ ಕೇಳಿ. ವೈ-ಫೈ ಅನಿವಾರ್ಯವಾದರೆ ಮಾದರಿಯ ಹೆಸರನ್ನು ಮರೆತು ಚಿಪ್‌ನ ಸಂಖ್ಯೆಯನ್ನು ಹಿಡಿಯಿರಿ.

ಕೊನೆಯದಾಗಿ ಇನ್ನೊಂದು ಮಾತು. ಇದು ಮುಖ್ಯೋಪಾಧ್ಯಾಯರಿಗೆ ಮಾತ್ರವಲ್ಲ, ಎಲ್ಲ ಶಾಲೆಗಳ ಆಡಳಿತ ಮಂಡಳಿಗಳಿಗೆ. ನಮ್ಮಲ್ಲಿ ಮೂರು ದರಪಟ್ಟಿ ತರಿಸಿ ಕನಿಷ್ಠ ದರದವನಿಗೆ ಒಪ್ಪಿಸುವುದು ರೂಢಿ. ಸೀಮೆಸುಣ್ಣಕ್ಕೆ, ಕಸಬರಿಗೆಗೆ ಇದು ಸರಿ. ಜಾಲದ ಕಾರ್ಡಿಗೆ ಸರಿಯಲ್ಲ, ಏಕೆಂದರೆ ಮುಂದಿನ ಅಪ್‌ಡೇಟ್ ಬಂದ ದಿನ ಆ ಕಾರ್ಡು ಏನಾಗುತ್ತದೆ ಎಂಬುದು ದರಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಬೇಡಿಕೆಪತ್ರದಲ್ಲೇ ಮೂರು ಸಾಲು ಬರೆಯಿರಿ: ಚಿಪ್‌ನ ತಯಾರಕ ಸಂಖ್ಯೆ ಮತ್ತು ಸಾಧನ ಸಂಖ್ಯೆ ಇಂಥದೇ ಇರತಕ್ಕದ್ದು. ಅದರ ಚಾಲಕ ಲಿನಕ್ಸ್ ಕರ್ನಲ್‌ನ ಮೂಲದಲ್ಲೇ ಇರತಕ್ಕದ್ದು. ಬೇರೆ ಚಿಪ್ ಬಂದರೆ ಮಾರಿದವರೇ ಬದಲಾಯಿಸಿಕೊಡತಕ್ಕದ್ದು. ಈ ಮೂರು ಸಾಲಿಗೆ ಒಂದು ಪೈಸೆಯ ಖರ್ಚಿಲ್ಲ. ನೆರೆಯ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳೇ ಮುಕ್ತ ತಂತ್ರಾಂಶದತ್ತ ಹೊರಳಿವೆ. ಅಷ್ಟು ಶಾಲೆಗಳು ಒಂದೇ ಷರತ್ತು ಹಾಕಿದರೆ ಯಾವ ತಯಾರಕನಾದರೂ ಕಿವಿಗೊಡಬೇಕಾಗುತ್ತದೆ. ನಾವು ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ನಿಂತು ಐವತ್ತು ರೂಪಾಯಿಗೆ ಚೌಕಾಸಿ ಮಾಡಿದರೆ ಅಂಗಡಿಯವನು ಯಾವುದಾದರೂ ನಡೆಯುತ್ತದೆ ಎನ್ನುತ್ತಲೇ ಇರುತ್ತಾನೆ.

ಆ ಹುಡುಗಿ ಈಗ ಎಲ್ಲಿದ್ದಾಳೋ ನಾನರಿಯೆ. ಹಳೆಯ ಸರ್ವರನ್ನು ಬದಲಿಸುವಾಗ ಅವಳ ಅರ್ಧ ನಕ್ಷೆಯ ಕಡತವನ್ನು ನಾನು ನನ್ನ ಗಣಕಕ್ಕೆ ನಕಲು ಮಾಡಿಕೊಂಡೆ. ಹಳ್ಳ, ದೇವಸ್ಥಾನ, ಬಸ್ಸು ನಿಲ್ಲುವ ಕಟ್ಟೆ ಇಷ್ಟನ್ನು ಬಿಡಿಸಿದ್ದಾಳೆ. ಅವಳ ಮನೆ ಇನ್ನೂ ಬಂದಿಲ್ಲ. ಯಾರಾದರೂ ನನ್ನ ಬಳಿ ಬಂದು, ಇಷ್ಟು ಸಣ್ಣ ಕಾರ್ಡಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ ಮೇಷ್ಟ್ರೇ ಎಂದರೆ, ಆ ಕಡತವನ್ನು ತೆರೆದು ತೋರಿಸುತ್ತೇನೆ.